ಕೊನೇ ತೂಬಿನ ಗಾಯಕ

ನಾನು ಸ್ವತಂತ್ರ ಸಂಗೀತಗಾರ ಎಂಬ ಸುದ್ದಿ ನನಗೆ ತಲುಪಿದ್ದು ನನ್ನ ಐವತ್ತೆರಡನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಬಳ್ಳಾರಿಯ ಕೌಲ್‌ಬಜಾರಿನ ಜನಕ್ಕೆ ನಾನು ಬರೀ ಪೇಟಿ ಮಾಸ್ತರ. ಬೆಳಿಗ್ಗೆ ಮಕ್ಕಳಿಗೆ ಅಲಂಕಾರ ಹೇಳಿಕೊಡುವುದು, ಸೋಮವಾರ ಭಜನೆ, ಲಗ್ನದ ದಿನಗಳಲ್ಲಿ ಆರತಕ್ಷತೆಗೆ ಭಾವಗೀತೆ, ಶ್ರಾವಣ ಬಂದರೆ ಯಾವುದಾದರೂ ಮಠದ ಪುರಾಣಕ್ಕೆ ತಿಂಗಳಿಡೀ ಹಾಡುವುದು. ಇಷ್ಟಕ್ಕೆಲ್ಲ ಸೇರಿ ಒಂದು ಇಂಗ್ಲಿಷ್ ಹೆಸರಿದೆಯೆಂದು ಯಾರೂ ಹೇಳಿರಲಿಲ್ಲ.

ಹೇಳಿದವಳು ಬೆಂಗಳೂರಿನಲ್ಲಿರುವ ಅಕ್ಕನ ಮಗಳು. “ಮಾಮಾ, ನೀವು ಯಾವ ಕಂಪನಿಗೂ ಹಾಡಂಗಿಲ್ಲಲ್ಲ, ಅಂದ್ರ ನೀವು ಇಂಡಿಪೆಂಡೆಂಟ್ ಮ್ಯೂಜಿಶಿಯನ್” ಅಂದಳು. ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಕೈ ನಿಲ್ಲಿಸಿ, “ಯಾವಾಗ ಕಂಪನಿ ಬಿಟ್ಟಿ?” ಅಂತ ಕೇಳಿದಳು.

ಅವ್ವನ ತಪ್ಪಲ್ಲ. ಬಳ್ಳಾರಿ ರಾಘವರ ಊರಿನಲ್ಲಿ, ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳುತ್ತ ಬೆಳೆದ ತಲೆಮಾರಿಗೆ ಕಂಪನಿ ಅಂದರೆ ನಾಟಕ ಕಂಪನಿ ಒಂದೇ. ಕಂಪನಿ ಬಿಟ್ಟವನೆಂದರೆ ಎರಡೇ ಅರ್ಥ: ಒಂದು, ಪಗಾರದ ಜಗಳ, ಇನ್ನೊಂದನ್ನು ಸೊಸೆಯ ಮುಂದೆ ಆಡುವಂತಿಲ್ಲ. ಅವ್ವ ನನ್ನ ಕಡೆ ಅನುಮಾನದಿಂದ, ನನ್ನ ಹೆಂಡತಿಯ ಕಡೆ ಕನಿಕರದಿಂದ ನೋಡಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಅಕ್ಕನ ಮಗಳು ಅಷ್ಟಕ್ಕೇ ಬಿಡಲಿಲ್ಲ. ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಸಂಗೀತ ಉದ್ಯಮದವರ ಎರಡು ದಿನದ ಸಮ್ಮೇಳನ ಇದೆ, ಇಂಡಿಪೆಂಡೆಂಟ್‌ಗಳು ಹೋಗಲೇಬೇಕು, ಅಲ್ಲಿ ನೆಟ್‌ವರ್ಕಿಂಗ್ ಆಗುತ್ತದೆ ಅಂದಳು. ನಮ್ಮ ಓಣಿಯಲ್ಲಿ ನೆಟ್‌ವರ್ಕಿಗಾಗಿ ಮಾಳಿಗೆ ಹತ್ತಿದರೆ ಸಾಕಾಗುತ್ತದೆ ಎಂದೆ. ನಗಲಿಲ್ಲ. ಪ್ರತಿನಿಧಿ ಶುಲ್ಕ 4,500 ರೂಪಾಯಿ ಎಂದಳು. ಆಗ ನಾನೂ ನಗಲಿಲ್ಲ.

ವಿಷಯ ಸಂಜೆ ಮಿರ್ಚಿ ಬಂಡಿಯ ಮುಂದೆ ಚರ್ಚೆಗೆ ಬಂತು. ನನ್ನ ತಬಲಾ ಸಾಥಿ ಕುರುಗೋಡಿನವನು. ಮೂರೆಕರೆ ಅಂಜೂರದ ತೋಟ, ಎರಡು ಜೊತೆ ತಬಲಾ, ಹಿಡಿದ ಮಾತು ಬಿಡದ ನಾಲಿಗೆ. ಇವು ಅವನ ಆಸ್ತಿ. ಒಗ್ಗರಣೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದಲೇ ಲೆಕ್ಕ ಹಾಕಿದ. “ಒಂದು ಜಾತ್ರಿ ಕಾರ್ಯಕ್ರಮಕ್ಕ ನಿನಗ ಮೂರು ಸಾವಿರ, ನನಗ ಒಂದೂವರೆ. ಅಂದ್ರ ಇಬ್ಬರೂ ಕೂಡಿ ಒಂದು ರಾತ್ರಿ ಬಿಟ್ಟಿ ಬಾರಿಸಿದಂಗಾತು. ಅದರಾಗ ನಾನ್ಯಾಕ ಬಂದೆ?” ಅಂದ. ಆಮೇಲೆ ಮಿರ್ಚಿ ಮುರಿಯುತ್ತ ಒಂದು ಸಿದ್ಧಾಂತ ಮಂಡಿಸಿದ. ಹೋಳಿ ಹುಣ್ಣಿಮೆಯ ಹೊತ್ತಿಗೆ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಎಳೆಯುತ್ತಾರೆ. ಒಂದೇ ಕಲ್ಲಿನ ಆ ದೊಡ್ಡ ಬಸವಣ್ಣನ ಮುಂದೆ ಸುತ್ತಲಿನ ಊರುಗಳ ಕಮಿಟಿಯವರೆಲ್ಲ ಬಂದು ನಿಲ್ಲುತ್ತಾರೆ. ತೇರು ಪಾದಗಟ್ಟೆ ಮುಟ್ಟಿ ಬರುವುದರೊಳಗೆ ವೇದಿಕೆಯ ಹಿಂದೆ, ಬೆಂಡು ಬತ್ತಾಸಿನ ಅಂಗಡಿಗಳ ಸಂದಿಯಲ್ಲಿ, ವರ್ಷದ ಅರ್ಧ ಕಾರ್ಯಕ್ರಮ ಕುದುರಿರುತ್ತವೆ. “ಅದಕ್ಕಿಂತ ದೊಡ್ಡ ಕಾನ್ಫರೆನ್ಸ್ ಐತೇನು? ಫೀಸು ಒಂದು ತೆಂಗಿನಕಾಯಿ. ಅದರಾಗೂ ಅರ್ಧ ಹೋಳು ವಾಪಸ್ ಕೊಡ್ತಾರ.”

ಮಾತು ಸರಿಯಾಗಿಯೇ ಇತ್ತು. ಆದರೆ ಮನುಷ್ಯನಿಗೆ ಒಮ್ಮೆ ಇಂಗ್ಲಿಷಿನಲ್ಲಿ ಹೆಸರಿಟ್ಟ ಮೇಲೆ ತೆಂಗಿನಕಾಯಿ ಒಡೆದು ತೃಪ್ತಿ ಪಡುವುದು ಕಷ್ಟ. ಇನ್ನೂರು ವಿಸಿಟಿಂಗ್ ಕಾರ್ಡ್ ಮಾಡಿಸಿ, ಪೇಟಿಯನ್ನು ಹೊದಿಕೆಯಲ್ಲಿ ಸುತ್ತಿ, ಜೂನ್ ತಿಂಗಳ ಒಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಪೇಟಿ ಯಾಕೆ ಅಂತ ಹೆಂಡತಿ ಕೇಳಿದಳು. ಸಂಗೀತಗಾರರ ಸಭೆಗೆ ಪೇಟಿ ಇಲ್ಲದೆ ಹೋಗುವುದು ಬೀಗರ ಮನೆಗೆ ಬರಿಗೈಯಲ್ಲಿ ಹೋದಂತೆ ಎಂದೆ.

ಎರಡು ದಿನದಲ್ಲಿ ಅದರ ತಿದಿ ಒಮ್ಮೆಯೂ ಬಿಚ್ಚಲಿಲ್ಲ. ಅಲ್ಲಿ ಯಾರೂ ಏನನ್ನೂ ನುಡಿಸುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಸಂಗೀತದ ವಿಷಯ ಮಾತಾಡುವುದಕ್ಕೆ ಅಷ್ಟು ಜನ, ಅಷ್ಟು ಚೆಂದದ ಉಡುಪಿನಲ್ಲಿ ಬಂದು, ಸಂಜೆಯವರೆಗೆ ಒಂದು ‘ಸಾ’ ಕೂಡ ಹೊರಡದೆ ಚದುರಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಬಾಗಿಲಲ್ಲೇ ಕೊರಳಿಗೊಂದು ಪಟ್ಟಿ ಹಾಕಿದರು. ಅದರಲ್ಲಿ ನನ್ನ ಹೆಸರು, ಕೆಳಗೆ ‘ಆರ್ಟಿಸ್ಟ್’. ಎದುರು ಬಂದವರು ಮೊದಲು ಪಟ್ಟಿ ನೋಡುತ್ತಾರೆ, ಆಮೇಲೆ ಮುಖ. ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿದ ಮೇಲೆ ತಾನೇ ಕೊಂಬು ನೋಡುವುದು! ‘ಆರ್ಟಿಸ್ಟ್’ ಎಂದು ಓದಿದವರ ಕಣ್ಣು ನನ್ನ ಭುಜದ ಮೇಲಿಂದ ಹಿಂದಿನವರ ಪಟ್ಟಿಗೆ ಹಾರುತ್ತಿತ್ತು. ಮೊದಲ ಮುಂಜಾನೆಗೇ ನನಗೆ ಆರು ಹಲ್ಲು ಬಿದ್ದ ಎತ್ತಿನ ಮನಸ್ಸು ಅರ್ಥವಾಯಿತು.

ಒಬ್ಬರು ಮಾತ್ರ ನಿಂತರು. ಮುಂಬೈಯವರು. ಗಡಿಯಾರ ನೋಡಿಕೊಂಡು, “ವಾಟ್ಸ್ ಯುವರ್ ಪಿಚ್?” ಅಂದರು. ಇಷ್ಟು ಹೊತ್ತಿಗೆ ಒಬ್ಬರಾದರೂ ಸಂಗೀತದ ಪ್ರಶ್ನೆ ಕೇಳಿದರಲ್ಲ ಎಂದು ನನ್ನ ಎದೆ ತುಂಬಿ ಬಂತು. “ಕಪ್ಪು ಒಂದು, ಸಾರ್. ಗಂಟಲು ಕಟ್ಟಿದಾಗ ಬಿಳಿ ಒಂದು” ಎಂದೆ. ಅವರು ಕೇಳಿದ್ದು ಶ್ರುತಿಯಲ್ಲವಂತೆ. ಮೂವತ್ತು ಸೆಕೆಂಡಿನಲ್ಲಿ ನನ್ನನ್ನು ನಾನು ಮಾರಿಕೊಳ್ಳುವ ಮಾತನ್ನು ಪಿಚ್ ಎನ್ನುತ್ತಾರಂತೆ. ಮೂವತ್ತು ಸೆಕೆಂಡಿನಲ್ಲಿ ನನ್ನ ಗುರುಗಳು ಷಡ್ಜಕ್ಕೆ ಉಸಿರೂ ಎಳೆದುಕೊಳ್ಳುತ್ತಿರಲಿಲ್ಲ. ಆದರೂ ಸೋಲಬಾರದೆಂದು, ನಲವತ್ತು ವಚನಗಳಿಗೆ ರಾಗ ಹಾಕಿದ್ದೇನೆ, ಆರನ್ನು ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕಿದ್ದೇನೆ ಎಂದು ಹೇಳಿದೆ.

ಅವರ ಮುಖ ಸ್ವಲ್ಪ ಅರಳಿತು. ಸಾಹಿತ್ಯದ ಹಕ್ಕು ಯಾರ ಬಳಿ ಇದೆ ಎಂದು ಕೇಳಿದರು. “ಬಸವಣ್ಣ” ಅಂದೆ. ಫೋನಿನಲ್ಲಿ ಬರೆದುಕೊಂಡರು. ಅವರು ಈಗ ಯಾವ ಲೇಬಲ್ಲಿನಲ್ಲಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ಐಕ್ಯರಾದರು ಎನ್ನುವುದಕ್ಕೆ ನನ್ನ ಇಂಗ್ಲಿಷಿಗೆ ಹೊಳೆದದ್ದು ಒಂದೇ ಪದ. “ಹಿ ಮರ್ಜ್ಡ್, ಸಾರ್” ಅಂದೆ. “ಮರ್ಜರ್! ಯಾವ ಕಂಪನಿ ಜೊತೆ?” ಎಂದರು. ಕೂಡಲಸಂಗಮ ಎಂದೆ. ಅದನ್ನೂ ಬರೆದುಕೊಂಡರು. ಬಾಗಲಕೋಟೆ ಜಿಲ್ಲೆಯ ಆ ಪುಣ್ಯಕ್ಷೇತ್ರಕ್ಕೆ ಮುಂಬೈಯಿಂದ ಇಮೇಲ್ ಹೋಗಿದ್ದರೆ ಅದರ ಹೊಣೆ ನನ್ನದು.

ಊಟದ ನಂತರ ಸ್ಟ್ರೀಮಿಂಗ್ ಕುರಿತು ಗೋಷ್ಠಿ. ಕತ್ತಲು, ತಣ್ಣನೆ ಹವೆ, ಮೆತ್ತನೆ ಕುರ್ಚಿ. ಬಳ್ಳಾರಿಯ ಜೂನ್ ತಿಂಗಳಿಂದ ಬಂದ ಯಾವ ದೇಹವೂ ತಾಳಲಾರದ ಆಮಿಷಗಳು. ನಿದ್ದೆಯ ಎರಡು ಅಲೆಗಳ ನಡುವೆ ಒಂದು ಮಾತು ಕಿವಿಗೆ ಬಿತ್ತು. ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಕಾಸು ಕೊಡುವುದಿಲ್ಲ. ನನ್ನ ಆರು ವಚನಗಳಲ್ಲಿ ಅತಿ ಜನಪ್ರಿಯವಾದುದನ್ನು ಕೇಳಿದ್ದು 212 ಸಲ. ಅದರಲ್ಲಿಯೂ ಸುಮಾರು ಅರವತ್ತು ಸಲ, ಹೆಂಡತಿ ರೊಟ್ಟಿ ಬಡಿಯುವಾಗ ಆರಿಸಲು ಕೈ ಬಿಡುವಿಲ್ಲದೆ ಹಾಗೇ ಓಡಿದ್ದು. ಇದಲ್ಲದೆ ಇನ್ನೊಂದು ವಚನಕ್ಕೆ ತಕರಾರು ಬಂದು ಕೂತಿತ್ತು. ಹಿನ್ನೆಲೆಯಲ್ಲಿರುವ ನಾದ ತನ್ನದೆಂದು ಯಾವುದೋ ಕಂಪನಿಯ ಯಂತ್ರ ವಾದಿಸುತ್ತಿತ್ತು. ಹಿನ್ನೆಲೆಯಲ್ಲಿ ಇದ್ದದ್ದು ಮೊಬೈಲಿನ ತಂಬೂರಿ. ಪ ಸಾ ಸಾ ಸ. ತಾನ್‌ಸೇನನ ವಂಶಸ್ಥರೂ ಅದರ ಮೇಲೆ ದಾವೆ ಹೂಡಿದ್ದು ನಾನು ಕೇಳಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಸಂಗೀತಗಾರರನ್ನು ಕೂಡಿಹಾಕಿ ಮಾತಾಡಿಸುವ ಈ ಚಟ ಮುಂಬೈಯವರು ಹುಟ್ಟುಹಾಕಿದ್ದೇನಲ್ಲ. 1916ರಲ್ಲಿ ಪಂಡಿತ ಭಾತಖಂಡೆಯವರು ಬರೋಡದ ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ಸೇರಿಸಿದರು. ಶ್ರುತಿ ಎಷ್ಟು, ಎಲ್ಲೆಲ್ಲಿ ಎಂದು ವಿದ್ವಾಂಸರು ಅಲ್ಲೂ ವಾದ ಮಾಡಿದರು. 1927ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನದ ಜೊತೆಗೆ ಇಂಥದೇ ಸಮ್ಮೇಳನ ನಡೆದು, ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಲ್ಲಿ ಇವತ್ತಿಗೂ ಬೆಳಿಗ್ಗೆ ಮಾತು, ಸಂಜೆ ಹಾಡು, ನಡುವೆ ಕ್ಯಾಂಟೀನು. ಯಾವುದಕ್ಕೆ ಜನ ಹೆಚ್ಚು ಎಂಬ ಪ್ರಶ್ನೆಯನ್ನು ಮರ್ಯಾದಸ್ಥರು ಕೇಳುವುದಿಲ್ಲ.

ಆದರೆ ಸಮ್ಮೇಳನದಿಂದ ಒಬ್ಬ ಹಾಡುಗಾರನಿಗೆ ನಿಜವಾಗಿ ಏನು ಸಿಗುತ್ತದೆ ಎಂದು ಕೇಳಿದರೆ ನನಗೆ ನೆನಪಾಗುವುದು ಗದಗದ ಹುಡುಗ. 1933ರಲ್ಲಿ ಹನ್ನೊಂದು ವರ್ಷದ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಪ್ರತಿನಿಧಿ ಶುಲ್ಕ ಹೋಗಲಿ, ರೈಲಿನ ಟಿಕೇಟಿಗೂ ದುಡ್ಡಿಲ್ಲ. ಟಿ.ಸಿ. ಬಂದರೆ ಹಾಡಿ ಒಲಿಸುವುದು, ಒಲಿಯದವನು ಸಿಕ್ಕರೆ ಇಳಿಯುವುದು. ಗ್ವಾಲಿಯರ್, ಕಲಕತ್ತೆ, ದಿಲ್ಲಿ ಎಂದು ಸುತ್ತಿ ಕಡೆಗೆ ಪಂಜಾಬಿನ ಜಲಂಧರ್ ಸೇರಿದ. ಅಲ್ಲಿ 1875ರಿಂದ ನಡೆದುಬಂದ ಹರಿವಲ್ಲಭ ಸಂಗೀತ ಮೇಳವಿದೆ; ದೇಶದ ದೊಡ್ಡ ದೊಡ್ಡವರೆಲ್ಲ ಬರುತ್ತಾರೆ. ಆ ಮೇಳಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು ಹುಡುಗನನ್ನು ವಿಚಾರಿಸಿ, ಇಷ್ಟು ದೂರ ಯಾಕೆ ಬಂದೆ, ನಿಮ್ಮ ಕಡೆಯೇ ಕುಂದಗೋಳದಲ್ಲಿ ಸವಾಯಿ ಗಂಧರ್ವರಿದ್ದಾರಲ್ಲ, ಅವರ ಹತ್ತಿರ ಹೋಗು ಎಂದು ಹೇಳಿದರು. ಗದಗದಿಂದ ಕುಂದಗೋಳದ ದಾರಿ ತಿಳಿಯಲು ಜಲಂಧರಕ್ಕೆ ಹೋಗಬೇಕಾಯಿತು. ಮುಂದಿನದನ್ನು ಭಾರತರತ್ನದವರೆಗೆ ಎಲ್ಲರೂ ಬಲ್ಲರು. ಇದನ್ನು ಸಮ್ಮೇಳನದ ಲಾಭವೆನ್ನಬೇಕೋ, ಸಮ್ಮೇಳನವೇ ಕೊಟ್ಟ ತಪರಾಕಿ ಎನ್ನಬೇಕೋ, ನನ್ನಿಂದ ತೀರ್ಮಾನವಾಗಿಲ್ಲ.

ಇನ್ನೊಂದು ಸಮ್ಮೇಳನ ನಮ್ಮ ಕಡೆಯ ಗವಾಯಿಗಳಿಗೆ ಗದಗದಲ್ಲೇ ಇದೆ. ನಮ್ಮಲ್ಲಿ ‘ಆಶ್ರಮದವರು’ ಅಂದರೆ ವಿಳಾಸ ಹೇಳಬೇಕಾಗಿಲ್ಲ, ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದವರಿಗೆ, ಅನ್ನವಿಲ್ಲದವರಿಗೆ ಸ್ವರ ಕೊಟ್ಟು ಊರೂರಿಗೆ ಕಳಿಸಿದ ಜಾಗ. ಶ್ರಾವಣದಲ್ಲಿ ಬಳ್ಳಾರಿ ಸೀಮೆಯ ಯಾವ ಮಠದ ಪುರಾಣಕ್ಕೆ ಹೋದರೂ ಪೇಟಿಗೋ ತಬಲಾಕ್ಕೋ ಒಬ್ಬ ಆಶ್ರಮದವನು ಇರುತ್ತಾನೆ. ಪುಣ್ಯಸ್ಮರಣೆಗೆ ಅವರು ಗದಗದಲ್ಲಿ ಕೂಡಿದಾಗ, ಯಾವ ಊರಿನ ಕಮಿಟಿ ಹೇಳಿದಷ್ಟು ಕೊಡುತ್ತದೆ, ಎಲ್ಲಿ ಮೈಕ್ ಸೆಟ್ಟಿನವನು ಪೇಟಿಗೆ ಮೈಕನ್ನೇ ಇಡುವುದಿಲ್ಲ, ಎಲ್ಲಿ ಪ್ರಸಾದಕ್ಕೆ ತುಪ್ಪ ಬಡಿಸುತ್ತಾರೆ ಎಂಬ ಅಮೂಲ್ಯ ಮಾಹಿತಿ ಪಂಕ್ತಿಯಲ್ಲೇ ವಿನಿಮಯವಾಗುತ್ತದೆ. ಅದನ್ನು ಯಾರೂ ಗೋಷ್ಠಿ ಎಂದು ಕರೆಯುವುದಿಲ್ಲ. ಕರೆದಿದ್ದರೆ ನಾವೂ ನಿದ್ದೆ ಮಾಡುತ್ತಿದ್ದೆವೇನೋ.

ಬೆಂಗಳೂರಿನಲ್ಲೂ ನನಗೆ ಸಿಕ್ಕಿದ್ದೆಲ್ಲ ಪಂಕ್ತಿಯಲ್ಲೇ. ಎರಡನೇ ದಿನ ಚಹಾದ ಸರದಿಯಲ್ಲಿ ಮುಂದಿದ್ದವಳು ಹುಬ್ಬಳ್ಳಿಯ ಹುಡುಗಿ. ಗಿಟಾರ್ ನುಡಿಸುತ್ತ ತತ್ವಪದ ಹಾಡುವವಳು. ನನ್ನ ಪಟ್ಟಿ ನೋಡದೆ ನೇರವಾಗಿ, “ಸಾರ್, ಪೇಟಿ ತಂದೀರಂತ, ಎಲ್ಲಾರೂ ಮಾತಾಡಾಕ್ಹತ್ಯಾರ” ಅಂದಳು. ಸಮ್ಮೇಳನದಲ್ಲಿ ನಾನು ಪ್ರಸಿದ್ಧನಾಗಿದ್ದೆ ಎಂಬುದು ಹೀಗೆ ತಿಳಿಯಿತು. ಬಸವಣ್ಣನ ವಿಲೀನದ ಕತೆ ಹೇಳಿದೆ. ಚಹಾ ಚೆಲ್ಲುವಷ್ಟು ನಕ್ಕಳು. ಆಮೇಲೆ ಕಪ್ಪು ಕೆಳಗಿಟ್ಟು, ಒಳಗೆ ಎರಡು ದಿನದಿಂದ ಹೇಳದಿದ್ದುದನ್ನು ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಿದಳು.

ಬರೆದವರು ತೀರಿಕೊಂಡ ಮೇಲೆ ಅರವತ್ತು ವರ್ಷಕ್ಕೆ ನಮ್ಮ ದೇಶದಲ್ಲಿ ಕೃತಿಯ ಹಕ್ಕು ಮುಗಿಯುತ್ತದೆ. ಆದ್ದರಿಂದ ಹನ್ನೆರಡನೇ ಶತಮಾನದ ವಚನ ಎಲ್ಲರದೂ ಹೌದು. ಆದರೆ ಅದಕ್ಕೆ ನಾನು ಹಾಕಿದ ಮಟ್ಟು ನನ್ನದು. ಹಾಡಿದ ದನಿಗೂ ಹಾಡುಗಾರನ ಹಕ್ಕು ಅಂತ ಬೇರೆ ಇದೆ, ಐವತ್ತು ವರ್ಷದ್ದು. ರಾಗ ಹಾಕಿದವರ, ಸಾಹಿತ್ಯ ಬರೆದವರ ಪರವಾಗಿ ಗೌರವಧನ ವಸೂಲು ಮಾಡಲು 1969ರಿಂದ ಐಪಿಆರ್‌ಎಸ್ ಅಂತ ಒಂದು ಸಂಸ್ಥೆಯೇ ಇದೆ. 2012ರ ತಿದ್ದುಪಡಿ ಆದಮೇಲೆ, ಕಂಪನಿಯ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದರೂ ಆ ಗೌರವಧನದ ಪಾಲನ್ನು ಬರೆದುಕೊಡಲು ಬರುವುದಿಲ್ಲ. ಪ್ರತಿ ಧ್ವನಿಮುದ್ರಣಕ್ಕೂ ಹನ್ನೆರಡು ಅಕ್ಷರದ ಒಂದು ಗುರುತು ಸಂಖ್ಯೆ ಇರಬೇಕು. ಅದಿಲ್ಲದ ಹಾಡು ಆಧಾರ್ ಇಲ್ಲದ ಮುದುಕನ ಹಾಗೆ, ಇದ್ದರೂ ಲೆಕ್ಕಕ್ಕಿಲ್ಲ. ನಾನು ಕಣ್ಣು ಕಣ್ಣು ಬಿಡುವುದನ್ನು ನೋಡಿ, ತನ್ನ ಕಾರ್ಡಿನ ಹಿಂದೆ ಮೂರು ಸಾಲು ಬರೆದುಕೊಟ್ಟಳು. ಮನೆಯಲ್ಲೇ ಮುದ್ರಿಸಿ ಕತ್ತರಿಯಿಂದ ಕತ್ತರಿಸಿದ ತೆಳ್ಳನೆ ಕಾರ್ಡು. “ಊರಿಗೆ ಹೋದಕೂಡಲೇ ಮಾಡ್ರಿ, ಮರೀಬ್ಯಾಡ್ರಿ.”

ಮರಳುವ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಎದುರು ಸೀಟಿನವರು ಪೇಟಿಯ ಹೊದಿಕೆ ಮುಟ್ಟಿ ನೋಡಿ, “ಪೇಟಿ ಏನ್ರಿ? ಎರಡು ದಿನ ಬೆಂಗಳೂರಾಗ ಭರ್ಜರಿ ಕಾರ್ಯಕ್ರಮ ಆಗಿರಬೇಕು” ಅಂದರು. ಒಂದೂ ಆಗಲಿಲ್ಲ ಎಂದೆ. ಅವರಿಗೆ ಪಾಪ ಅನ್ನಿಸಿತು. “ಹಂಗಾದ್ರ ಇಲ್ಲೇ ಒಂದು ಆಗಲಿ” ಅಂದರು. ಮೆಲ್ಲಗೆ ತಿದಿ ಬಿಚ್ಚಿ ಭೀಮಪಲಾಸದಲ್ಲಿ ಒಂದು ವಚನ ಹಾಡಿದೆ. ನಡುವೆ ಟಿ.ಸಿ. ಬಂದು ನಿಂತು ಕೇಳಿದರು. ಭೀಮಸೇನರ ನೆನಪಾಗಿ ಮೈ ಜುಮ್ಮೆಂದಿತು. ಆದರೆ ವಚನ ಮುಗಿದ ಮೇಲೆ ಟಿಕೇಟು ಕೇಳಿದರು. ನನ್ನ ಬಳಿ ಇತ್ತು. ದಂತಕತೆಯಾಗುವ ಅವಕಾಶ ಅಷ್ಟರಿಂದ ತಪ್ಪಿತು.

ಎದುರಿನವರು ಸಿರುಗುಪ್ಪದ ಅಕ್ಕಿ ವ್ಯಾಪಾರಿ. ಅಲ್ಲಿಯ ಮಠವೊಂದರ ಪುರಾಣ ಕಮಿಟಿಯಲ್ಲಿ ಇದ್ದವರು. ಗುಂತಕಲ್ಲು ಬರುವುದರೊಳಗೆ ಶ್ರಾವಣದ ಒಂದು ತಿಂಗಳಿಗೆ ಮಾತಾಯಿತು: ನನಗೂ ಸಾಥಿಗೂ ಸೇರಿ ಇಂತಿಷ್ಟು ಸಂಭಾವನೆ, ಮೇಲೆ ಎರಡು ಚೀಲ ಸೋನಾಮಸೂರಿ.

ಬಳ್ಳಾರಿಯಿಂದ ಬಸ್ಸು ಹತ್ತಿ ತೆಕ್ಕಲಕೋಟೆ ದಾಟಿದರೆ ಸಿಗುವ ಊರಿನ ಮನುಷ್ಯನನ್ನು ಭೇಟಿಯಾಗಲು ನಾನು ಬೆಂಗಳೂರಿಗೆ ಹೋಗಿ ಬಂದಿದ್ದೆ. ಸಾಥಿ ಇದನ್ನು ಸಮ್ಮೇಳನದ ಲಾಭವೆಂದು ಒಪ್ಪಲು ತಯಾರಿಲ್ಲ. “ಅದು ರೈಲ್ವೆ ಖಾತೆಗೆ ಬರಿ. 4,500 ನಷ್ಟದ ಖಾತೆಯಾಗೇ ಇರಲಿ” ಅಂದ. ಹೆಂಡತಿ ಮಾತ್ರ ಅಕ್ಕಿ ಚೀಲದ ಲೆಕ್ಕ ಕೇಳಿ ಸುಮ್ಮನಾದಳು.

ಸಿರುಗುಪ್ಪದ ಹತ್ತಿರ ನನ್ನ ಚಿಗಪ್ಪನ ಮನೆ. ಪುರಾಣದ ತಿಂಗಳು ಮಲಗುವುದು ಅಲ್ಲೇ. ಚಿಗಪ್ಪನಿಗೆ ತುಂಗಭದ್ರಾ ಕೆಳಮಟ್ಟದ ಕಾಲುವೆಯ ಒಂದು ಉಪಕಾಲುವೆಯಲ್ಲಿ, ಕಟ್ಟಕಡೆಯ ತೂಬಿನ ಕೆಳಗೆ, ಎಂಟು ಎಕರೆ ಭತ್ತ. ಸ್ಟ್ರೀಮಿಂಗ್ ಎಂದರೇನೆಂದು ಬಳ್ಳಾರಿಯಲ್ಲಿ ಯಾರಿಗೂ ಬಿಡಿಸಿ ಹೇಳಲು ನನ್ನಿಂದ ಆಗಿರಲಿಲ್ಲ. ಚಿಗಪ್ಪನಿಗೆ ಬಿಡಿಸುವ ಮೊದಲೇ ತಿಳಿಯಿತು.

“ಸಾವಿರದ ಮ್ಯಾಲ ಇದ್ದೋರಿಗೆ ಗೇಟ್ ಎತ್ತತಾರ, ಕೆಳಗಿನವರಿಗೆ ಬಂದ್. ಹೌದಲ್ಲೋ? ಕೆಳಗಿನವರ ಪಾಲಿನ ನೀರು ಎತ್ತಾಗ ಹೋತು?”

ಮೇಲಿನವರಿಗೇ ಹಂಚುತ್ತಾರೆ ಎಂದೆ.

“ಮತ್ತ ಮ್ಯಾಲಿನವರು ರಾತ್ರಿ ಕಾಲುವೆಗೆ ಪಂಪ್‌ಸೆಟ್ ಇಡ್ತಾರೇನು?”

ಇಡುತ್ತಾರೆ, ಯಂತ್ರಗಳಿಂದ ಹಗಲು ರಾತ್ರಿ ಹಾಡು ಕೇಳಿಸಿ ಲೆಕ್ಕ ಏರಿಸುವವರು ಇದ್ದಾರಂತೆ, ಅದರ ಮೇಲೇ ಒಂದು ಗೋಷ್ಠಿ ಇತ್ತು ಎಂದೆ. ಚಿಗಪ್ಪನಿಗೆ ಬಹಳ ಸಂತೋಷವಾಯಿತು. ಲೋಕ ಎಲ್ಲ ಕಡೆ ಒಂದೇ ಕಾಲುವೆಯ ಮೇಲಿದೆ ಎಂದು ತಿಳಿದರೆ ಕೊನೇ ತೂಬಿನವನಿಗೆ ಆಗುವ ಸಂತೋಷ ಅದು.

ಹಾಗಿದ್ದರೆ ಇಂಥ ಸಭೆಗೆ ಹೋಗಿ ಏನು ಬಂತು ಎಂದು ನಾನೇ ಕೇಳಿದೆ. ಚಿಗಪ್ಪ ಎಲೆಗೆ ಸುಣ್ಣ ಸವರುತ್ತ ಹೇಳಿದ: “ನೀರು ಬಿಡೋ ಬಗ್ಗೆ ಮುನಿರಾಬಾದಿನಾಗ ಐಸಿಸಿ, ಅಂದ್ರ ನೀರಾವರಿ ಸಲಹಾ ಸಮಿತಿ ಸಭೆ ಆಗ್ತೈತಿ. ನಾವು ಹೋಗ್ತೀವಿ. ನಮ್ಮನ್ನೇನು ಒಳಗ ಕೂಡಸ್ತಾರ? ಗೇಟಿನ ಹೊರಗ ನಿಂತು ಒದರತೀವಿ. ಒಳಗ ಏನು ಮಾತಾಡಿದ್ರೋ ಶಿವನೇ ಬಲ್ಲ. ಆದ್ರ ಹೊರಗ ನಿಂತಾಗ ಯಾವ ತೂಬಿನ ಬಾಗಿಲು ಮುರದೈತಿ, ಯಾವ ಗ್ಯಾಂಗ್‌ಮನ್ ಯಾರ ಮಾತು ಕೇಳ್ತಾನ, ಎಲ್ಲಾ ತಿಳೀತೈತಿ. ಅಷ್ಟಕ್ಕಾದ್ರೂ ಹೋಗಬೇಕು. ನೀ ಬಾಡಿಗಿ ಕೊಟ್ಟು ಒಳಗ ಕೂತಿ, ಅಲ್ಲೇ ತಪ್ಪಿದಿ.”

ಮುಂದಿನ ವರ್ಷ ಹೊರಗೇ, ಚಹಾದ ಹತ್ತಿರ ನಿಲ್ಲುವುದಕ್ಕೆ ರಿಯಾಯಿತಿ ಇದೆಯೇ ಎಂದು ಅಕ್ಕನ ಮಗಳನ್ನು ಕೇಳಬೇಕೆಂದುಕೊಂಡೆ.

ಪುರಾಣ ಹನ್ನೆರಡನೇ ರಾತ್ರಿಗೆ ಬಂದಿತ್ತು. ಶರಣಬಸವೇಶ್ವರ ಪುರಾಣ. ಗುಡಿಯ ನಾಲ್ಕೂ ದಿಕ್ಕಿಗೆ ಹಾರ್ನ್ ಕಟ್ಟಿದ್ದರು. ಕೇಳುಗರಿಗೆ ಕಲಾವಿದ ಸಿಗುವುದೇ ಇಲ್ಲವೆಂದು ಬೆಂಗಳೂರಿನಲ್ಲಿ ಅಷ್ಟು ಹೊತ್ತು ಕೊರಗಿದ್ದರು. ಇಲ್ಲಿ ಎರಡು ಮೈಲಿಯ ಒಳಗೆ ನನ್ನಿಂದ ತಪ್ಪಿಸಿಕೊಳ್ಳುವ ದಾರಿ ಯಾರಿಗೂ ಇರಲಿಲ್ಲ. ಪ್ರವಚನದ ಸ್ವಾಮಿಗಳು ಕತೆ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ವಚನ ಎತ್ತಿದೆ. ಎರಡನೇ ಸಾಲಿಗೆ ಬರುತ್ತಲೂ ಪಂಚಮ ನಿಂತಿತು. ಒತ್ತಿದರೆ ಬರೀ ಉಸಿರು. ರೀಡಿಗೆ ಕಸ ಸಿಕ್ಕಿತ್ತು. ಭತ್ತದ ಊರಿನ ಧೂಳು. ಸಾಥಿ ಸಂದರ್ಭ ಅರಿತು, ಇದು ಮೊದಲೇ ಗೊತ್ತುಮಾಡಿದ್ದು ಎಂಬಂತೆ ಕಾಯದಾ ಹಿಡಿದ. ನಾನು ಪೇಟಿಯ ಮೇಲಿನ ಹಲಗೆ ಎತ್ತಿದೆ.

ಸಿಕ್ಕ ರೀಡಿನ ಕೆಳಗೆ ತೆಳ್ಳನೆ ಗಟ್ಟಿ ಕಾಗದ ಆಡಿಸಿದರೆ ಕಸ ಹಾರುತ್ತದೆ. ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಬೆಂಗಳೂರಿನ ಇಪ್ಪತ್ತಮೂರು ಕಾರ್ಡುಗಳ ಕಟ್ಟು. ಮೊದಲು ಒಬ್ಬ ಉಪಾಧ್ಯಕ್ಷರದನ್ನು ತೂರಿಸಲು ನೋಡಿದೆ, ಸಜ್ಜೆರೊಟ್ಟಿಯ ದಪ್ಪ. ಮುಂಬೈಯವರದು ಪ್ಲಾಸ್ಟಿಕ್ಕಿನದು, ಬಾಗಲೇ ಇಲ್ಲ. ಮತ್ತೊಬ್ಬರದಕ್ಕೆ ಬಂಗಾರದ ಅಂಚು. ಸಾಥಿ ಕಾಯದಾ ಮುಗಿಸಿ ರೇಲಾಕ್ಕೆ ಬಂದು, ಬಾರಿಸುತ್ತಲೇ ಹುಬ್ಬು ಹಾರಿಸಿದ. ಹೆಂಗಸರ ಕಡೆಯಿಂದ ಯಾರೋ ಕೆಮ್ಮಿದರು. ಕಟ್ಟಿನ ಕೆಳಗೆ ಹುಬ್ಬಳ್ಳಿಯ ಹುಡುಗಿಯ ಕಾರ್ಡಿತ್ತು. ರೀಡಿನ ಕೆಳಗೆ ನಯವಾಗಿ ಹೋಯಿತು. ಎರಡು ಸಲ ಆಡಿಸಿದೆ. ಜೊಳ್ಳಿನ ಒಂದು ಎಳೆ ಹಾರಿ ಬಂತು. ಒತ್ತಿದೆ. ಪಂಚಮ ನಾಲ್ಕೂ ಹಾರ್ನಿನಲ್ಲಿ ತುಂಬಿಕೊಂಡು ನುಡಿಯಿತು.

ಕಾರ್ಡು ತಿರುಗಿಸಿದೆ. ಹಿಂದೆ ಅವಳು ಬರೆದುಕೊಟ್ಟ ಮೂರು ಸಾಲು ಹಾಗೇ ಇದ್ದವು. ಒಂದನ್ನೂ ಮಾಡಿರಲಿಲ್ಲ. ಜೇಬಿಗೆ ಹಾಕಿಕೊಂಡು, ಸಾಥಿ ಸಮ್ ಮುಟ್ಟುವುದನ್ನೇ ಕಾದು, ವಚನವನ್ನು ಮೊದಲ ಸಾಲಿನಿಂದ ಮತ್ತೆ ಎತ್ತಿಕೊಂಡೆ.